ಮೇಲಿಂದ ಏನಾದ್ರೂ ಬಂದ್ರೆ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡೋದು? ಚೆಂಡಿನಿಂದಲೋ, ತೆಂಗಿನಕಾಯಿಯಿಂದಲೋ? (ತೆಂಗಿನಕಾಯಿ ಅಂದರೆ ನೀವು ಪೂಜೆ ಅಂದುಕೊಳ್ಳುತ್ತೀರಿ. ಚೆಂಡೇ ಇರಲಿ.)

ಚೆಂಡು ಆಕಾಶದಲ್ಲಿದೆ. ಬಾಣಾವರದ ಮೈದಾನ, ಹುಡುಗಿಯರ ಸಾಫ್ಟ್‌ಬಾಲ್, ಅರಸೀಕೆರೆಗೂ ಬೇಲೂರಿಗೂ ರನ್ ಸಮಸಮ. ಕೊನೆಯ ಇನ್ನಿಂಗ್ಸ್, ಅರಸೀಕೆರೆಯ ಬ್ಯಾಟಿಂಗ್, ಎರಡು ಔಟ್, ಮೂರಾದರೆ ಮುಗಿಯಿತು. ಎರಡನೇ ಬೇಸಿನಿಂದ ಅರಸೀಕೆರೆಯ ನಂದಿತಾ ಓಡುತ್ತಿದ್ದಾಳೆ. ಅವಳು ಕೊನೆಯ ಬೇಸಾದ ಹೋಮ್ ಮುಟ್ಟಿದರೆ ಒಂದು ರನ್, ಗೆಲುವು, ಗೆದ್ದರೆ ಹಾಸನದ ಜಿಲ್ಲಾ ಪಂದ್ಯ. ಹಾಸನಕ್ಕೆ ಹೋಗಲೇಬೇಕೆಂದು ಅವಳು ವಾರದಿಂದ ಊಟ ನಿದ್ದೆ ಬಿಟ್ಟಿದ್ದಾಳೆ. (ಸುಳ್ಳು. ಬೆಳಿಗ್ಗೆ ಇಡ್ಲಿ ಸಾಲದೆ ಚಿತ್ರಾನ್ನವನ್ನೂ ತಿಂದಳು. ಗಂಭೀರವಾಗಿರಲಿ ಎಂದು ಆ ಸಾಲು ಹೊಡೆದುಹಾಕಿದೆ.)

ದಾರಿಯಲ್ಲಿ ಬೇಲೂರಿನ ದಿವ್ಯಶ್ರೀ ಬಾಯಿ ತೆರೆದು, ಮೇಲೆ ನೋಡುತ್ತಾ, ಕ್ಯಾಚ್ ಹಿಡಿಯಲು ನಿಂತಿದ್ದಾಳೆ.

2

ಇಲ್ಲಿ ನಂದಿತಾ ಮಾಡಿದ್ದು ಅರಸೀಕೆರೆ ಕಡೆಯವರಷ್ಟೇ ಮಾಡಬಹುದಾದ ತಪ್ಪು. ಅವಳ ಅಪ್ಪ ಹುಚ್ಚಣ್ಣ ತೆಂಗಿನಮರ ಹತ್ತಿ ಕಾಯಿ ಕೀಳುವವನು. ಅಂಬೆಗಾಲಿಡುವಾಗಿನಿಂದ ಅವಳು ಕೇಳಿದ್ದು ಒಂದೇ ಮಾತು: "ಮೇಲಿಂದ ಏನಾರ ಬತ್ತಿದ್ರೆ ನೋಡ್ಕಂಡು ನಿಲ್ಬ್ಯಾಡ ಮಗಾ, ಸರ್ಕೊ. ಪಕ್ಕದಾಗಿರೋರ್ನೂ ಎಳ್ಕೊ."

ಹಾಗಾಗಿಯೇ ಅವಳ ಕೈಗೆ ಇದುವರೆಗೆ ಒಂದೂ ಕ್ಯಾಚ್ ಸಿಕ್ಕಿಲ್ಲ. ಟೀಮಿನಲ್ಲಿರುವುದು ಓಟದ ದೆಸೆಯಿಂದ.

ಈಗಲೂ ಕಾಲಿಗಿಂತ ಕೈ ಮುಂದಾಯಿತು. ದಿವ್ಯಶ್ರೀಯ ರಟ್ಟೆ ಹಿಡಿದು ಆಚೆ ಎಳೆದಳು. ಚೆಂಡು ದೊಪ್ಪನೆ ನೆಲಕ್ಕೆ ಬಿತ್ತು. ನಂದಿತಾ ಅದೇ ಓಟದಲ್ಲಿ ಹೋಮ್ ಮುಟ್ಟಿ, ಒಂದು ಜೀವ ಉಳಿಸಿದ ಹೆಮ್ಮೆಯಲ್ಲಿ ನಕ್ಕಳು.

ಅಂಪೈರ್ ರೇವಣಸಿದ್ದಪ್ಪ ಮೇಷ್ಟ್ರು ಕೈ ಎತ್ತಿದರು. "ಇಂಟರ್‌ಫಿಯರೆನ್ಸ್. ರನ್ನರ್ ಔಟ್. ರನ್ ಇಲ್ಲ."

"ಸಾರ್, ಅವಳ ತಲೆ ಮೇಲೆ ಬೀಳ್ತಿತ್ತು."

"ಬೀಳ್ಲಿ ಅಂತಲೇ ಅವಳು ನಿಂತಿದ್ದಿದ್ದು ಕಣಮ್ಮ. ಹೊಡೆದ ಚೆಂಡು ಹಿಡಿಯೋಳಿಗೆ ಜಾಗ ಮೊದಲು. ಓಡೋಳು ಬಳಸ್ಕೊಂಡು ಹೋಗ್ಬೇಕು. ಬೇಕಂತ ಮಾಡಿದ್ಯೋ, ಒಳ್ಳೇದಕ್ಕೇ ಮಾಡಿದ್ಯೋ, ರೂಲು ಅದನ್ನ ಕೇಳಲ್ಲ."

4

(ಮೂರನ್ನು ಹರಿದುಹಾಕಿದೆ. ಅದರಲ್ಲಿ ಹುಚ್ಚಣ್ಣ ಮೇಷ್ಟ್ರಿಗೆ ಎಳನೀರು ಕೊಟ್ಟು ತೀರ್ಪು ಬದಲಾಯಿಸಬೇಕಿತ್ತು. ಮೇಷ್ಟ್ರು ಎಳನೀರು ಕುಡಿದರು, ಒಳಗಿನ ಗಂಜಿಯನ್ನೂ ಕೆರೆದು ತಿಂದರು, ತೀರ್ಪು ಬದಲಾಯಿಸಲಿಲ್ಲ. ನಾನು ಬರೆದವರೇ ನನ್ನ ಮಾತು ಕೇಳುವುದಿಲ್ಲ.)

ನಂದಿತಾ ನನ್ನ ಮೇಲೆ ತಿರುಗಿಬಿದ್ದಳು. "ಬರೆಯೋರು ನೀವೇ ತಾನೆ? ಗೆಲ್ಸಿ."

"ಗೆಲ್ಲಿಸ್ತೀನಿ. ದಿವ್ಯಶ್ರೀಗೆ ಏನು ಹೇಳಲಿ?"

ಅವಳು ತಿರುಗಿ ನೋಡಿದಳು. ದಿವ್ಯಶ್ರೀ ರಟ್ಟೆ ಉಜ್ಜಿಕೊಳ್ಳುತ್ತಾ ನಗುತ್ತಿದ್ದಳು. "ಇದು ತೋಟ ಅಲ್ಲ ಕಣೇ. ನಾನು ಹಿಡೀತಿದ್ದೆ."

ನಂದಿತಾಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಬಂತು. "ಹೋಗ್ಲಿ ಬಿಡಿ, ಔಟ್ ಅಂತಲೇ ಬರ್ಕೊಳಿ," ಎಂದಳು.

5

ಹೆಚ್ಚುವರಿ ಇನ್ನಿಂಗ್ಸ್. ಈಗ ಬೇಲೂರಿನ ಬ್ಯಾಟಿಂಗ್, ಮತ್ತೆ ಎರಡು ಔಟ್. ಚೆಂಡು ಮತ್ತೆ ಆಕಾಶಕ್ಕೆ ಹಾರಿದೆ. ಕೆಳಗೆ ನಂದಿತಾ. ಓಡಿ ಬರುತ್ತಿರುವವಳು ದಿವ್ಯಶ್ರೀ, ಚೆಂಡು ಬಿದ್ದರೆ ಬೇಲೂರಿಗೆ ರನ್. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ ನಂದಿತಾಳನ್ನು ದೂರದಿಂದ ಬಳಸಿಕೊಂಡು ಹೋಗುತ್ತಿದ್ದಾಳೆ.

ಹಿಡಿದಳು ಎಂದು ಬರೆದರೆ ಬೇಲೂರಿನ ಓದುಗರು ಮುನಿಯುತ್ತಾರೆ. ಬಿಟ್ಟಳು ಎಂದರೆ ನಾನು ಅರಸೀಕೆರೆಯಲ್ಲಿ ಬಸ್ಸಿಳಿಯುವ ಹಾಗಿಲ್ಲ. ಎರಡನ್ನೂ ಬರೆದಿದ್ದೇನೆ, ಯಾವುದನ್ನೂ ಕೊಡುವುದಿಲ್ಲ.

ಬೇಲಿಯಾಚೆ ಹುಚ್ಚಣ್ಣ ಎದ್ದು ನಿಂತಿದ್ದಾನೆ. ಅಭ್ಯಾಸಬಲದಿಂದ ಬಾಯಿ ತೆರೆದ, ಮುಚ್ಚಿಕೊಂಡ. ಆಮೇಲೆ ಜನ್ಮದಲ್ಲಿ ಮೊದಲ ಸಲ ಬೇರೆ ಮಾತು ಕೂಗಿದ: "ನಿಂತ್ಕೊ ಮಗಾ, ಅಲ್ಲೇ ನಿಂತ್ಕೊ."

ಚೆಂಡು ಇಳಿಯುತ್ತಿದೆ. ನಂದಿತಾ ಎರಡೂ ಕೈ ಮೇಲೆತ್ತಿದ್ದಾಳೆ. ಇನ್ನೂ ಸರಿದಿಲ್ಲ.