ಬಟನ್ ಮೇಲಿನ ಮಾತು

ಮೂರನೆಯ ಟೂಲ್ ಕೂಡ ಕೆಂಪು ತೋರಿಸಿದಾಗ, ಲ್ಯಾಪ್‌ಟಾಪನ್ನು ಕಿಟಕಿಯಿಂದ ಕೂನೂರು ಬಸ್‌ಸ್ಟ್ಯಾಂಡಿನ ಕಡೆಗೆ ಎಸೆದುಬಿಡೋಣ ಎನ್ನಿಸಿತು ಸರಣ್ಯಾಗೆ.

ಸಣ್ಣ ಚಹಾ ಬೆಳೆಗಾರರು ಕೊಯ್ದ ಎಲೆ ಒಯ್ಯಲು ಫ್ಯಾಕ್ಟರಿಯ ವ್ಯಾನನ್ನು ಮೊಬೈಲಿನಲ್ಲೇ ಕರೆಸಿಕೊಳ್ಳುವ ವೆಬ್‌ಸೈಟು ಅದು. ಎರಡು ಹಟ್ಟಿಗಳಲ್ಲಿ ಆಗಲೇ ಓಡುತ್ತಿತ್ತು. ಸೋಮವಾರ ಎಲ್ಲ ಹಟ್ಟಿಗಳಿಗೂ ತೆರೆಯಬೇಕು. ಸೈಟನ್ನು ದಿನವೂ ತಾನಾಗಿ ಪರೀಕ್ಷಿಸುವ ಓಪನ್ ಸೋರ್ಸ್ ಟೂಲೊಂದನ್ನು ಆರಿಸುವುದು ಅವಳ ಕೆಲಸ. ಶುಕ್ರವಾರದೊಳಗೆ ಪರೀಕ್ಷೆ ಪಾಸಾಗಿ ಹಸಿರು ಬರದಿದ್ದರೆ ಸೈಟು ಕೊಯಮತ್ತೂರಿನ ಕಂಪನಿಗೆ, ಸರಣ್ಯಾ ಮನೆಗೆ ಎಂದು ಮಾಲೀಕ ಗಿರಿಧರನ್ ಹೇಳಿಯಾಗಿತ್ತು. ಇವತ್ತೇ ಶುಕ್ರವಾರ.

ಮೊದಲು ಸೆಲೆನಿಯಂ ಎಂಬ ಟೂಲ್. ನಾಲ್ಕು ದಿನ ಹಸಿರು ತೋರಿಸಿ, ಆಮೇಲೆ ‘ಕಾದೆ, ಬಟನ್ ಸಿಗಲಿಲ್ಲ’ ಎಂದು ಹಟ ಹಿಡಿಯಿತು. ಈ ಬೆಟ್ಟದ ನೆಟ್‌ವರ್ಕಿಗೆ ಇದು ಒಗ್ಗುವುದಿಲ್ಲ ಎಂದು ಬೈದು, ಅದೇ ಹಂತಗಳನ್ನು ಪ್ಲೇರೈಟ್ ಎಂಬ ಇನ್ನೊಂದರಲ್ಲಿ ಬರೆದಳು. ಅದೇ ಗೋಳು. ಈಗ ಸೈಪ್ರೆಸ್, ಅದೂ ಹಾಗೇ. ತಾನೇ ಒತ್ತಿ ನೋಡಿದರೆ ಬಟನ್ ಇದೆ, ವ್ಯಾನೂ ಬುಕ್ ಆಗುತ್ತದೆ.

“ಏನಮ್ಮಾ, ಮೂರನೇದೂ ಹೋಯ್ತಾ?” ಗಿರಿಧರನ್ ಬಾಗಿಲಲ್ಲಿ ನಿಂತಿದ್ದರು. “ಹೆಣ್ಣು ನೋಡೋಕೆ ಹೋದೋರು ಮನೆಮನೇಲೂ ಕಾಫಿ ಕುಡಿದು ಬಂದ ಹಾಗಾಯ್ತು.”

“ನೆಟ್‌ವರ್ಕು, ಸಾರ್.”

“ನೆಟ್‌ವರ್ಕು ಮುಂದಿನ ವಾರವೂ ಇದೇ ಬೆಟ್ಟದಲ್ಲೇ ಇರುತ್ತೆ.”

ಫೋನ್ ಇರುವ ಮೇಜಿನಿಂದ ಕಮಲಂ ಎದ್ದು ಬಂದು, ಒಂದು ಲೋಟ ಶುಂಠಿ ಚಹಾ ಇಟ್ಟು ಹಿಂದಿರುಗಿದಳು. ಬೆಳೆಗಾರರ ಕರೆಗಳಿಗೆಲ್ಲ ಉತ್ತರಿಸುವವಳು ಅವಳೇ.

ಪರೀಕ್ಷೆ ಸೋತ ಕ್ಷಣದ ಪರದೆಯ ಚಿತ್ರವೊಂದನ್ನು ಸೈಪ್ರೆಸ್ ತಾನಾಗಿ ತೆಗೆದಿಟ್ಟಿತ್ತು. ಸರಣ್ಯಾ ಅದನ್ನು ತೆರೆದು, ಬಟನ್ ಮೇಲಿನ ಬರಹವನ್ನು ಮೊದಲ ಬಾರಿಗೆ ಓದಿದಳು. ಅವಳೇ ಬರೆದುಕೊಟ್ಟಂತೆ ಟೂಲ್ ಹುಡುಕುತ್ತಿದ್ದದ್ದು ತಮಿಳಿನ ‘ಸಮರ್ಪಿಕ್ಕ’, ಅಂದರೆ ‘ಸಲ್ಲಿಸಿ’, ಎಂಬ ಪದವನ್ನು. ಅಲ್ಲಿದ್ದದ್ದು ‘ವ್ಯಾನ್ ಬರಲಿ’ ಎಂಬರ್ಥದ ಮಾತು.

“ಅಕ್ಕಾ, ಈ ಬಟನ್ನಿನ ಮಾತು ಯಾರು ಬದಲಾಯಿಸಿದ್ದು?”

“ನಾನೇ, ಕೂಸೇ. ಲಿಂಗಿ ಹೆತ್ತೆ ಇಲ್ವಾ, ಹಟ್ಟಿಯ ಅಜ್ಜಿ, ಅವ್ಳು ಫೋನ್ ಮಾಡಿದ್ಲು. ಸಮರ್ಪಿಕ್ಕ ಅಂತ ಇದೆ, ನಾ ಎಲೆನ ಯಾವ ದೇವರಿಗೆ ಸಮರ್ಪಿಸಲಿ ಅಂದ್ಲು. ಪಾಪ, ಒತ್ತದೇ ಕೂತಿದ್ಲು. ಎಲೆ ಮೂಟೆಯಲ್ಲೇ ಬೆಂದುಹೋಯ್ತು. ಅದಕ್ಕೆ ಬರಹ ತಿದ್ದೋ ಪುಟಕ್ಕೆ ಹೋಗಿ ‘ವ್ಯಾನ್ ಕಳಿಸಿ’ ಅಂತ ಹಾಕಿದೆ. ಆಮೇಲೆ ಹಾಲನ್ ಮಾಮ ಜಗಳಕ್ಕೇ ಬಂದ, ನನ್ನತ್ರ ವ್ಯಾನೇ ಇಲ್ಲೆ, ನಾ ಏನ ಕಳಿಸಲಿ ಅಂತ. ಅದಕ್ಕೆ ‘ಬರಲಿ’.”

“ನಂಗೊಂದು ಮಾತು ಹೇಳಬಾರದಿತ್ತಾ?”

“ನೀ ಹಲ್ಲು ಕಚ್ಚಿ ಕೂತಿದ್ದೆ. ಇದೊಂದು ಬೇರೆ ಏಕೆ ಅಂತ ಬಿಟ್ಟೆ.”

ಗಿರಿಧರನ್ ಹಣೆ ಒತ್ತಿಕೊಂಡರು. “ಹಳೇ ಮಾತೇ ಹಾಕು. ಇನ್ನು ಯಾರೂ ಮುಟ್ಟದ ಹಾಗೆ ಬೀಗ ಹಾಕು. ಮುಗೀತಲ್ಲ?”

ಮುಗಿಯುತ್ತಿತ್ತು, ನಿಜ. ಒಂದೇ ನಿಮಿಷದಲ್ಲಿ ಹಸಿರು ಬಂದು ಅವಳ ಕುರ್ಚಿ ಉಳಿಯುತ್ತಿತ್ತು. ಕಮಲಂ ಮೇಲೆ ಸಿಟ್ಟಿತ್ತು, ಗಿರಿಧರನ್ ಮೇಲೆ ಸಿಟ್ಟಿತ್ತು. ಕಣ್ಣೆದುರಿನ ಬಟನ್ನನ್ನು ಒಮ್ಮೆಯೂ ಓದದ ತನ್ನ ಮೇಲೆ ಇನ್ನೂ ಹೆಚ್ಚು. ಆದರೆ ಹಳೆಯ ಮಾತು ಹಾಕಿದರೆ ಸೋಮವಾರ ಎಷ್ಟು ಹೆತ್ತೆಯರು ಎಲೆ ಮುಂದಿಟ್ಟುಕೊಂಡು ಕೂರುತ್ತಾರೋ.

“ಬೀಗ ಬೇಡ ಸಾರ್. ಅರ್ಧ ಗಂಟೆ ಕೊಡಿ.”

ನೋಡುವವರಿಗೆ ಕಾಣದ, ಟೂಲಿಗೆ ಮಾತ್ರ ತಿಳಿಯುವ ಹೆಸರೊಂದನ್ನು ಆ ಬಟನ್ನಿಗೆ ಕೊಟ್ಟಳು. ಮಾತನ್ನು ಬಿಟ್ಟು ಆ ಹೆಸರನ್ನು ಹುಡುಕು ಎಂದು ಸೆಲೆನಿಯಂಗೆ ಹೇಳಿದಳು. ಪರೀಕ್ಷೆ ಓಡಿತು. ಹಸಿರು.

“ಕೊನೆಗೆ ಯಾವುದು?” ಎಂದರು ಗಿರಿಧರನ್.

“ಮೊದಲನೇದೇ.”

“ಮತ್ತೆ ಅದನ್ನ ಅಷ್ಟು ಬೈದೆ?”

ಸರಣ್ಯಾ ತಣ್ಣಗಾದ ಚಹಾದ ಲೋಟ ಎತ್ತಿಕೊಂಡಳು. “ಸೋಮವಾರ ಬೇಗ ಬಾ” ಎಂದು ಅವರು ಹೊರಟರು.

ಅಷ್ಟರಲ್ಲಿ ಫೋನ್ ಬಂತು. ಕಮಲಂ ಸ್ವಲ್ಪ ಹೊತ್ತು ಕೇಳಿಸಿಕೊಂಡು, ರಿಸೀವರಿಗೆ ಕೈ ಅಡ್ಡ ಹಿಡಿದಳು.

“ಕೂಸೇ, ‘ಬರಲಿ’ ಅಂದ್ರೆ ಇವತ್ತೋ ನಾಳೆಯೋ ಅಂತ ಕೇಳ್ತಾರೆ. ‘ಇಂದೇ’ ಅಂತ ಸೇರಿಸ್ಲಾ?”

ಸರಣ್ಯಾ ಮುಚ್ಚುತ್ತಿದ್ದ ಲ್ಯಾಪ್‌ಟಾಪನ್ನು ಮತ್ತೆ ತೆರೆದಳು.

“ಸೇರಿಸಿ ಅಕ್ಕಾ” ಎಂದು, ಹೊಸ ಮಾತು ಬಂದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿದಳು. ಈಗಲೂ ಹಸಿರೇ.