ಸಮ ಮಾಡಿದ ದಿಮ್ಮಿ

ತುಕ್ಕು ಕಂಡರೆ ಅಳಿಯನಿಗೆ ಮೈಯೆಲ್ಲ ಉರಿ. ಊಟಕ್ಕೆ ಕೂತವನ ಕಣ್ಣಿಗೆ ಕಿಟಕಿಯ ಸರಳಿನಲ್ಲಿ ಒಂದು ಚೂರು ಕೆಂಪು ಬಿದ್ದರೂ ಸಾಕು, ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎಮರಿ ಪೇಪರ್ ಹುಡುಕಲು ಏಳುವ ಆಸಾಮಿ. ಹೆಂಡತಿ ಅವನಿಗೆ 'ಪಾಲಿಶ್' ಎಂದು ಅಡ್ಡಹೆಸರಿಟ್ಟಿದ್ದಳು. ಅಂಥವನು ಮದುವೆಯಾಗಿ ಬಂದು ಸೇರಿಕೊಂಡದ್ದು ಎಲ್ಲಿಗೆ ಅಂತೀರಿ? ಮಾವನ ವರ್ಕ್‌ಶಾಪಿಗೆ. ಅಲ್ಲಿ ತುಕ್ಕು ಬಿಟ್ಟರೆ ಬೇರೆ ಇದ್ದದ್ದೇ ಕಡಿಮೆ.

ಹಳೇ ವ್ಯಾನುಗಳನ್ನು ಎಬ್ಬಿಸಿ ಓಡಿಸುವುದು ಮಾವನ ಕಸುಬು. ಹಾಲಿನ ವ್ಯಾನು, ಶಾಲೆಯ ವ್ಯಾನು, ಯಾರದೋ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ವ್ಯಾನು, ಎಲ್ಲವೂ ಅಲ್ಲಿಗೆ ಬರುತ್ತಿದ್ದವು, ಹಗ್ಗ ಕಟ್ಟಿ ಎಳೆಸಿಕೊಂಡು. ಕೊಳೆತದ್ದನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಬಡಿದು ಬಗ್ಗಿಸಿ, ಬೆಸೆದು, ಬಣ್ಣ ಹೊಡೆದು ಕಳಿಸುವವರು ಮೂವರು. ತಗಡು ಬಡಿಯುವುದು ಮಾವ. ಬೆಸೆಯುವುದು ವೆಲ್ಡರ್. ಬಣ್ಣ ಮಾವನ ಮಗಳದು, ಅಂದರೆ ನಮ್ಮ ಪಾಲಿಶ್‌ನ ಹೆಂಡತಿಯದು. ನಾಲ್ಕನೆಯವನಾಗಿ ಇವನು ಬಂದ. ಮೊದಲು ದೊಡ್ಡ ಗ್ಯಾರೇಜೊಂದರಲ್ಲಿದ್ದವನು. ಅಲ್ಲಿ ಹೊಸ ಕಾರಿನ ಬಾಗಿಲು ಚಪ್ಪಟೆಯಾದರೆ ಡಬ್ಬದಲ್ಲಿ ಬೇರೆ ಬಾಗಿಲು ಬರುತ್ತದೆ, ನಾಲ್ಕು ಬೋಲ್ಟು ಬಿಚ್ಚು, ನಾಲ್ಕು ಬೋಲ್ಟು ಹಾಕು, ಮುಗಿಯಿತು. ತಗಡನ್ನು ಬಡಿದು ಗುಂಡಗೆ ಮಾಡುವುದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಇಲ್ಲಿಗೆ ಬಂದ ಮೇಲೂ ಕಾಣಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಾವನ ಕಣ್ಣಿಗೆ ಪೊರೆ ಬಂದು, ಅವರು ನಾಜೂಕಿನ ಕೆಲಸವನ್ನು ಮುಂದೂಡುತ್ತ ಕೂತಿದ್ದರು.

ಮಾವ ಅವನ ಜೊತೆ ಮಾತಾಡುವ ರೀತಿಯೇ ಬೇರೆ. "ಅಳಿಯಂದ್ರೇ, ಆ ಪಾನಾ ಸ್ವಲ್ಪ ಕೊಡ್ತೀರಾ? ಬೇಡ ಬೇಡ, ನೀವು ಕೂತ್ಕೊಳ್ಳಿ, ನಾನೇ ತಗೋತೀನಿ." ಇದನ್ನು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಮನೆಗೆ ಬಂದ ನೆಂಟನಿಗೆ ಆಡುವ ಮಾತು ಅದು, ಪಕ್ಕದಲ್ಲಿ ಕೆಲಸ ಮಾಡುವವನಿಗಲ್ಲ. ವೆಲ್ಡರ್ ಮಾತ್ರ ಬಂದ ವಾರದಲ್ಲೇ ಅವನ ಬೆನ್ನಿಗೊಂದು ಗುದ್ದಿ, "ಲೋ ಪಾಲಿಶ್, ಬಾರೋ ಈ ಕಡೆ, ಕೈಗೆ ಸ್ವಲ್ಪ ಮಸಿ ಮಾಡ್ಕೋ" ಎಂದಿದ್ದ. ಅವತ್ತು ಅವನು ಮನೆಗೆ ಹೋಗಿ ಹೆಂಡತಿಗೆ ಅದನ್ನು ಎರಡು ಸಲ ಹೇಳಿದ. ಆ ಜಾಗದಲ್ಲಿ ತಾನೂ ಒಬ್ಬ ಕೆಲಸಗಾರ ಅನ್ನಿಸಿಕೊಳ್ಳಬೇಕು, ಅಷ್ಟೇ ಅವನ ಆಸೆ.

ಬೇಕರಿಯವಳ ಬ್ರೆಡ್ ವ್ಯಾನು ಬಂದಾಗ ಮಾವನ ಕಣ್ಣಿನ ಆಪರೇಶನ್‌ಗೆ ದಿನ ಗೊತ್ತಾಗಿತ್ತು. ಗುಂಡು ಮೂತಿಯ ಹಳೇ ವ್ಯಾನು. ಮೂತಿಯ ಬಲಗಡೆ ಬೆರಳಿಟ್ಟರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. "ಆ ಮೂತಿ ನಾನು ಬಂದ್ಮೇಲೆ ಬಡೀತೀನಿ. ಉಳಿದದ್ದೆಲ್ಲ ನಿಮ್ಮ ಕೈಲಿ, ಅಳಿಯಂದ್ರೇ" ಎಂದು ಹೇಳಿ ಮಾವ ಆಪರೇಶನ್‌ಗೂ ಆಮೇಲಿನ ಆರೈಕೆಗೂ ದೊಡ್ಡ ಮಗಳ ಮನೆಗೆ ಹೊರಟರು.

ನಿಮ್ಮ ಕೈಲಿ! ಆ ಒಂದು ಮಾತು ಸಾಕಾಯಿತು. ಮಾವ ಹೊಸ ಕಣ್ಣಿನಲ್ಲಿ ಮೊದಲು ನೋಡುವುದು ತನ್ನ ಕೈಚಳಕವಾಗಿರಬೇಕು ಎಂದು ಅಳಿಯ ಟೊಂಕ ಕಟ್ಟಿ ನಿಂತ. ಇಬ್ಬರು ಸೇರಿ ಎತ್ತಬೇಕಾದ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಬೆಂಚ್ ವೈಸನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ಬ್ರಶ್ಶಿನಲ್ಲಿ ತಿಕ್ಕಿ, ಮತ್ತೆ ಜೋಡಿಸಿದ. ಹಿಡಿ ತಿರುಗಿಸುವ ಡ್ರಿಲ್ಲು, ತಗಡಿನ ಕತ್ತರಿಗಳು, ಕಬ್ಬಿಣದ ಅಡಿಗಲ್ಲು, ಮಾವನ ಅಪ್ಪನ ಕಾಲದ ಸುತ್ತಿಗೆಗಳು ಒಂದೊಂದಾಗಿ ಮುಖ ತೊಳೆದುಕೊಂಡು ನಿಂತವು. ಈಗಿನ ಸಾಮಾನುಗಳಂತಲ್ಲ ಅವು, ಕೆಳಗೆ ಬಿದ್ದರೆ ನೆಲ ಒಡೆಯಬೇಕೇ ಹೊರತು ಅವಕ್ಕೇನೂ ಆಗುವುದಿಲ್ಲ. ವೈಸಿನ ಮೇಲೆ ಹಸಿರು ಬಣ್ಣ ಕಂಡಾಗ ವೆಲ್ಡರ್ ಬಾಯಿ ಬಿಟ್ಟ. "ಪರವಾಗಿಲ್ವೋ ಪಾಲಿಶ್! ಇದಕ್ಕೆ ಬಣ್ಣ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ."

ಹೊಗಳಿಕೆ ತಲೆಗೇರಿತು. ವೆಲ್ಡರ್ ರಜೆ ಹಾಕಿದ್ದ ದಿನ ಅಳಿಯನ ಕಣ್ಣು ಮೂಲೆಯ ಮರದ ದಿಮ್ಮಿಯ ಮೇಲೆ ಬಿತ್ತು. ಸೊಂಟದೆತ್ತರದ ದಪ್ಪ ದಿಮ್ಮಿ. ಮೇಲ್ಭಾಗದಲ್ಲಿ ದೊಡ್ಡದೂ ಚಿಕ್ಕದೂ ಕುಳಿಗಳು ಬಿದ್ದು, ಮಸಿ ಹಿಡಿದು, ನೋಡಲು ಅಸಹ್ಯವಾಗಿತ್ತು. ಪಾಪ, ಸವೆದು ಹಾಳಾಗಿದೆ ಅಂದುಕೊಂಡ. ಗರಗಸದಲ್ಲಿ ಮೇಲಿನ ಗೇಣುದ್ದವನ್ನು ಕೊಯ್ದು ತೆಗೆದ. ಕೀಸುಳಿ ಹಿಡಿದು ಹಲಗೆಯಂತೆ ಸಮ ಮಾಡಿದ. ಎಣ್ಣೆ ಸವರಿದ. ಕೊಯ್ದ ತುಂಡನ್ನು ಸೀಳಿ ನೀರೊಲೆಗೆ ಹಾಕಿದ, ಆ ಬಿಸಿನೀರಿನಲ್ಲೇ ಸ್ನಾನ ಮಾಡಿ ಸೀಟಿ ಹೊಡೆಯುತ್ತ ಊಟಕ್ಕೆ ಕೂತ.

ಮರುದಿನ ವೆಲ್ಡರ್ ಬಂದವನು ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಅಯ್ಯೋ ನಿನ್ನ! ಇದೇನೋ ಮಾಡಿಟ್ಟೆ?"

"ಯಾಕೆ? ಗುಂಡಿ ಬಿದ್ದಿತ್ತಲ್ಲ..."

"ಗುಂಡಿ ಬಿದ್ದಿತ್ತಾ? ಲೋ, ಆ ಗುಂಡಿಗಳೇ ಕಣೋ ಇಲ್ಲಿನ ನಿಜವಾದ ಮೇಸ್ತ್ರಿ! ತಗಡನ್ನ ಆ ಕುಳಿ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿದ್ರೆ ಗುಂಡಗಾಗುತ್ತೆ. ಮೂತಿಗೊಂದು, ಚಕ್ರದ ಮೇಲಿನದಕ್ಕೊಂದು, ದೀಪದ ಮನೆಗೊಂದು. ಬಡಿದೂ ಬಡಿದೂ ಆಗಿದ್ದು ಅವು, ಒಂದೇ ದಿನಕ್ಕೆ ಕೆತ್ತಿದ್ದಲ್ಲ. ಎಲ್ಲಿ ಆ ತುಂಡು?"

"ನೀರೊಲೆಗೆ ಹಾಕ್ದೆ" ಎಂದ ಅಳಿಯ. ವೆಲ್ಡರ್‌ಗೆ ಅವನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು, ಸಿಟ್ಟನ್ನು ನುಂಗಿಕೊಂಡ.

"ನಾನೇ ಹೇಳ್ತೀನಿ ಮಾವಂಗೆ" ಎಂದ ಅಳಿಯ. "ನೀವು ಹೇಳ್ಬೇಡಿ. ಬಂದ ತಕ್ಷಣ ನಾನೇ ಹೇಳ್ತೀನಿ."

"ಹೇಳು ಮತ್ತೆ. ನಂಗ್ಯಾಕೆ ನಡುವೆ ತಲೆ ಹಾಕೋ ಕೆಲಸ" ಎಂದ ವೆಲ್ಡರ್.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬೇಕರಿಯವಳೂ ತನ್ನ ವ್ಯಾನು ನೋಡಲು ಅದೇ ಹೊತ್ತಿಗೆ ಬಂದಿದ್ದಳು. ಮಾವ ಹೊಳೆಯುವ ವೈಸನ್ನು ಮುಟ್ಟಿ, ಸುತ್ತಿಗೆಗಳನ್ನು ಮುಟ್ಟಿ, "ಭೇಷ್ ಅಳಿಯಂದ್ರೇ" ಎನ್ನುತ್ತ ಮೂಲೆಗೆ ಹೋದರು. ದಿಮ್ಮಿಯ ಮೇಲೆ ಅಂಗೈ ಇಟ್ಟರು. ಕೈ ಅಲ್ಲೇ ನಿಂತಿತು. ಕನ್ನಡಕ ತೆಗೆದು ನೋಡಿದರು. ಅಳಿಯ ಬಾಯಿ ತೆರೆದ. ಈಗ ಹೇಳಬೇಕು, ಈಗ, ಅಂದುಕೊಂಡ. ಅಷ್ಟರಲ್ಲಿ ಮಾವ ವೆಲ್ಡರ್ ಕಡೆ ತಿರುಗಿದರು.

"ಲೋ! ಕಣ್ಣು ಹೋಗಿತ್ತೇನೋ ನಿಂಗೆ? ಒಂದು ದಿಮ್ಮಿ ಕಾಯೋಕಾಗ್ಲಿಲ್ವಾ? ಕತ್ತೆ ಕಾಯೋಕೂ ಲಾಯಕ್ಕಿಲ್ಲ ನೀನು! ನಡಿ ಹೊರಗೆ. ನಿನ್ನ ಮುಖ ತೋರಿಸ್ಬೇಡ."

ವೆಲ್ಡರ್ ಮಾವನನ್ನು ನೋಡಲಿಲ್ಲ, ಅಳಿಯನನ್ನು ನೋಡಿದ, ಕಾದ. ಬೇಕರಿಯವಳು ಎಲ್ಲರ ಮುಖವನ್ನೂ ನೋಡುತ್ತಿದ್ದಳು. ಅಳಿಯ ತೆರೆದ ಬಾಯಿ ಮುಚ್ಚಿಕೊಂಡ. ಅವಳೊಬ್ಬಳು ಅಲ್ಲಿಲ್ಲದಿದ್ದರೆ ಹೇಳುತ್ತಿದ್ದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳು. ಅವಳು ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ವೆಲ್ಡರ್ ತನ್ನ ಮುಖವಾಡ, ಕೈಗವಸು ತೆಗೆದುಕೊಂಡ, ಗೇಟು ತೆಗೆದ, ಹೋದ. ಗೇಟನ್ನು ಧಡಾರನೆ ಹಾಕಿದ್ದರೂ ಚೆನ್ನಾಗಿತ್ತು, ಮೆಲ್ಲಗೆ ಮುಚ್ಚಿ ಹೋದ.

ಅಂದಿನಿಂದ ಅಳಿಯನಿಗೆ ಅನ್ನ ಸೇರಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಅಂದುಕೊಳ್ಳುವುದು, ಮಧ್ಯಾಹ್ನಕ್ಕೆ ಮುಂದೂಡುವುದು, ಸಂಜೆ ಮಾವ ಸುಸ್ತಾಗಿದ್ದಾರೆ ಎಂದು ಬಿಡುವುದು. ಮೊದಲ ದಿನ ಒಂದು ತಪ್ಪಿತ್ತು, ಈಗ ಸುಮ್ಮನಿದ್ದ ಒಂದೊಂದು ದಿನವೂ ಬೇರೆ ಬೇರೆ ತಪ್ಪಾಗಿ ಸೇರಿಕೊಳ್ಳುತ್ತಿತ್ತು. ಹೆಂಡತಿ ಬಣ್ಣದ ಡಬ್ಬ ಕಲಕುತ್ತ, "ಏನ್ರೀ, ಹೊಟ್ಟೆನೋವಾ?" ಎಂದು ಕೇಳಿದಳು. ಹೌದು ಅಂದ. ಅವಳು ಪಾಪ ಶುಂಠಿ ಕುದಿಸಿ ಕೊಟ್ಟಳು. ಅದನ್ನೂ ಕುಡಿದ. ಎಂಥ ಗಂಡಸು ನೋಡಿ!

ಮಾವ ದಿಮ್ಮಿಯಲ್ಲಿ ಹೊಸ ಕುಳಿ ಕೆತ್ತಲು ಕೂತರು. ಉಳಿ ಹಿಡಿದು ಚೂರು ಚೂರೇ ತೆಗೆಯುವುದು, ಹಳೇ ತಗಡನ್ನು ಇಟ್ಟು ಬಡಿದು ನೋಡುವುದು, ತಲೆಯಾಡಿಸುವುದು. ತಗಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಡಿದರೆ ಅದು ಜಾರಿ ಸುಕ್ಕಾಗುತ್ತಿತ್ತು. ಅಳಿಯ ಹಿಡಿಯಲು ಹೋದ. ಎಲ್ಲಿ ಸಡಿಲ ಬಿಡಬೇಕು, ಯಾವಾಗ ತಿರುಗಿಸಬೇಕು ಒಂದೂ ಗೊತ್ತಿಲ್ಲ. ಎರಡು ಹೊಸ ತಗಡು ಗುಜರಿಗೆ ಹೋದವು.

"ಬಿಡಿ, ನೀವೇನು ಮಾಡ್ತೀರಿ" ಎಂದರು ಮಾವ, ವೆಲ್ಡರ್ ಹೋದ ಗೇಟಿನ ಕಡೆ ನೋಡುತ್ತ. "ಅವನು ಹಿಡೀತಿದ್ದ, ನಾನು ಬಡೀತಿದ್ದೆ. ಮೀಸೆ ಬರೋ ಮುಂಚೆಯಿಂದ. ಆ ಕುಳಿ ನನ್ನೊಬ್ಬನದಾಗಿರ್ಲಿಲ್ಲ ಅಳಿಯಂದ್ರೇ. ಅರ್ಧ ಅವನದು."

ಅರ್ಧ ಅವನದು! ತನ್ನದೇ ಕುಳಿಯನ್ನು ಕಳೆದುಕೊಂಡವನಿಗೇ ಬೈಗುಳ ತಿನ್ನಿಸಿ ಮನೆಗೆ ಕಳಿಸಿದ್ದಾಯಿತು. ಅಳಿಯನಿಗೆ ಇನ್ನು ನಿಲ್ಲಲಾಗಲಿಲ್ಲ.

"ಮಾವ, ಅದು ನಾನು" ಎಂದ. "ದಿಮ್ಮಿ ಕೊಯ್ದಿದ್ದು ನಾನು. ನಾನೇ ಹೇಳ್ತೀನಿ ಅಂತ ಅವರ ಬಾಯಿ ಕಟ್ಟಿದ್ದೂ ನಾನೇ. ಆಮೇಲೆ ಹೇಳ್ಲಿಲ್ಲ."

ಮಾವ ಉಳಿಯನ್ನು ಕೆಳಗಿಟ್ಟರು. ಅವನ ಕಡೆ ನೋಡಲಿಲ್ಲ. ಬೈಯುತ್ತಾರೆ, ಬೈದರೆ ಒಳ್ಳೆಯದು ಎಂದು ಅವನು ತಲೆ ತಗ್ಗಿಸಿ ನಿಂತ. "ನಡೀರಿ, ಅವನ ಮನೆಗೆ ಹೋಗೋಣ" ಎಂದಷ್ಟೇ ಹೇಳಿ ಮಾವ ಚಪ್ಪಲಿ ಹುಡುಕಿದರು.

ವೆಲ್ಡರ್ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಪಕ್ಕದ ಮನೆಯವರ ಸೈಕಲ್ಲಿನ ಚೈನು ಬಿಚ್ಚುತ್ತಿದ್ದ. ಇಬ್ಬರನ್ನೂ ನೋಡಿದ, ಏಳಲಿಲ್ಲ.

"ಇವರು ಎಲ್ಲ ಹೇಳಿದ್ರು ಕಣೋ" ಎಂದರು ಮಾವ. "ನಂಗೆ ಗೊತ್ತಿರ್ಲಿಲ್ಲ..."

"ಸುಮ್ನಿರಿ ಮೇಸ್ತ್ರಿ" ಎಂದ ವೆಲ್ಡರ್. ಚೈನನ್ನು ಕೆಳಗಿಟ್ಟು ಕೈ ಒರೆಸಿಕೊಂಡ. "ವರ್ಕ್‌ಶಾಪಿನ ಮೊಳೆ ಮೊಳೆಯನ್ನೂ ಉಜ್ಜಿದ್ದು ಯಾರು ಅಂತ ನಿಮಗೆ ಗೊತ್ತಿತ್ತು. ದಿಮ್ಮಿ ಒಂದನ್ನ ಮಾತ್ರ ನಾನು ಉಜ್ಜಿದ್ನಾ? ನಿಮಗೆ ಗೊತ್ತಿತ್ತು. ಅಳಿಯಂಗೆ ಬೈಯೋಕಾಗಲ್ಲ, ಸಿಟ್ಟು ತಡೆಯೋಕಾಗಲ್ಲ. ಅದಕ್ಕೆ ನನಗೆ ಬೈದ್ರಿ."

ಮಾವ ತಲೆ ತಗ್ಗಿಸಿದರು. ಹೌದು ಅನ್ನುವುದು ಅವರ ಕತ್ತಿನ ಬಾಗಿನಲ್ಲೇ ಇತ್ತು. ಅಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ದಿನ ತಾನು ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡದ್ದನ್ನು ಮಾವ ಮೊದಲ ಗಳಿಗೆಯಲ್ಲೇ ಬಲ್ಲವರಾಗಿದ್ದರು. ಎದುರುಬದುರು ಕೂತು ಊಟ ಮಾಡಿದ್ದರು, 'ಇನ್ನೊಂದು ಚೂರು ಹಾಕ್ಕೊಳ್ಳಿ' ಅಂದಿದ್ದರು.

"ಮನೆಯೊಳಗಿನ ಬೈಗುಳ ಎಷ್ಟಾದ್ರೂ ತಿಂದಿದ್ದೀನಿ" ಎಂದ ವೆಲ್ಡರ್. "ಗಿರಾಕಿ ಮುಂದೆ ಹೊರಗೆ ನಡಿ ಅಂದ್ರಿ. ಈಗ ಅದೇ ಮಾತು ಇವರಿಗೆ ಅನ್ನಿ. ನನ್ನೆದುರಿಗೆ. ಆಗ ಬರ್ತೀನಿ."

ಮಾವ ಅಳಿಯನ ಕಡೆ ತಿರುಗಿದರು. "ಅಳಿಯಂದ್ರೇ, ನೀವು... ಕತ್ತೆ ಕಾಯೋಕೂ... ಲಾಯಕ್ಕಿಲ್ಲದವರು."

"ಇದೇನು ಬೈಗುಳನೋ ಸನ್ಮಾನನೋ?" ಎಂದ ವೆಲ್ಡರ್.

"ಬೈಯಿರಿ ಮಾವ, ಲೋ ಅನ್ನಿ" ಎಂದ ಅಳಿಯ. ಬೇಡುವ ಹಾಗಿತ್ತು ದನಿ.

"ಆಗಲ್ಲಪ್ಪ" ಎಂದರು ಮಾವ, ಅವನಿಗಲ್ಲ, ವೆಲ್ಡರ್‌ಗೆ. ಕಣ್ಣಲ್ಲಿ ನೀರು ಬಂದಿತ್ತು, ಆಪರೇಶನ್ ಆದ ಕಣ್ಣು ಬೇರೆ. "ಮಗಳ ಮುಖ ಅಡ್ಡ ಬರುತ್ತೆ ಕಣೋ. ನಿಂಗೆ ಬೈಯೋವಾಗ ಯಾರ ಮುಖನೂ ಅಡ್ಡ ಬರ್ಲಿಲ್ಲ. ತಪ್ಪಾಯ್ತು."

ಬೀದಿಯಲ್ಲಿ ನಿಂತು ಅಂಥ ಮೇಸ್ತ್ರಿ ತಪ್ಪಾಯ್ತು ಅಂದರು, ಅದೂ ತಾನು ಮಾಡಿದ ಕೆಲಸಕ್ಕೆ. ಅಳಿಯ ಮುಖ ಎತ್ತಲಾಗದೆ ಸೈಕಲ್ಲಿನ ಚಕ್ರವನ್ನೇ ನೋಡುತ್ತಿದ್ದ. ವೆಲ್ಡರ್ ಮತ್ತೊಮ್ಮೆ ಕೈ ಒರೆಸಿಕೊಂಡ. ಕೊನೆಗೆ, "ವ್ಯಾನ್ ಏನು ತಪ್ಪು ಮಾಡಿದೆ. ನಾಳೆ ಬರ್ತೀನಿ" ಎಂದು ಚೈನು ಎತ್ತಿಕೊಂಡ.

ಮರುದಿನ ಬಂದ. ಇಬ್ಬರು ಹಿರಿಯರೂ ದಿಮ್ಮಿಯ ಎರಡು ಬದಿಗೆ ನಿಂತರು. ಒಬ್ಬ ತಗಡು ಹಿಡಿದು ತಿರುಗಿಸುವುದು, ಇನ್ನೊಬ್ಬರು ಕೊಡತಿಯಲ್ಲಿ ಬಡಿಯುವುದು. ಹೊಸ ಕುಳಿ ಇನ್ನೂ ಒರಟು, ಆದರೂ ತಗಡು ನಿಧಾನವಾಗಿ ಹೊಟ್ಟೆ ಬಿಟ್ಟುಕೊಂಡು ಮೂತಿಯಾಗತೊಡಗಿತು. ಅಳಿಯ ಅದನ್ನು ಮೊದಲ ಸಲ ಕಾಣುತ್ತಿದ್ದ. ತಡೆಯಲಾಗದೆ ಹತ್ತಿರ ಹೋಗಿ, ತಗಡಿನ ಇನ್ನೊಂದು ಅಂಚನ್ನು ಹಿಡಿಯಲು ಕೈ ಚಾಚಿದ.

ವೆಲ್ಡರ್ ತಗಡನ್ನು ಸ್ವಲ್ಪ ಆಚೆ ಸರಿಸಿಕೊಂಡ. ದನಿಯಲ್ಲಿ ಸಿಟ್ಟಿರಲಿಲ್ಲ, ಬಲು ಮರ್ಯಾದೆಯಿತ್ತು.

"ಬೇಡಿ ಅಳಿಯಂದ್ರೇ, ನಿಮ್ಮ ಕೈಗೆ ಮಸಿಯಾಗುತ್ತೆ. ಅಲ್ಲಿ ಕುರ್ಚಿ ಇದೆ, ಕೂತ್ಕೊಳ್ಳಿ."

ಅಳಿಯ ಹೋಗಿ ಕುರ್ಚಿಯ ಮೇಲೆ ಕೂತ.