ಮಲಗಿಸಿದ ಗೆರೆ

ಆಸ್ಪತ್ರೆಯ ಲೆಕ್ಕಗಳಿಗೆಲ್ಲ ಗ್ರಾಫ್ ಬರೆಯುವವಳು ನಾನು. ಆಪರೇಷನ್ ಆದವರಲ್ಲಿ ಗಾಯ ಕೀವಾಗುವವರು ನೂರಕ್ಕೆ ಇಬ್ಬರಿದ್ದದ್ದು ಎಂಟಕ್ಕೆ ಏರಿತ್ತು. ಪಕ್ಕದಲ್ಲಿ ಹತ್ತರವರೆಗೆ ಅಳತೆ ಹಾಕಿದ್ದ ನನ್ನ ಗ್ರಾಫಿನಲ್ಲಿ ಗೆರೆಯೂ ಕಡಿದಾಗಿ ಮೇಲೇರಿತ್ತು. ಮ್ಯಾನೇಜರ್ ಮುಖ ಸಿಂಡರಿಸಿದ.

"ಎಂಟಕ್ಕೆ ಇಷ್ಟೊಂದು ರಂಪ ಯಾಕ್ರೀ? ಪಕ್ಕದ ಅಳತೇನ ನೂರರವರೆಗೂ ಎಳೀರಿ. ಗೆರೆ ತಾನಾಗೇ ಮಲಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಅಂಕಿಯೂ ತಪ್ಪಲ್ಲ, ನೋಡಿದರೆ ಮಾತ್ರ ಹಸಿ ಸುಳ್ಳು! ಅವನ ಹೆತ್ತ ತಾಯಿಯೇ ಕೆಳಗಿನ ವಾರ್ಡಿನಲ್ಲಿ ಗಾಯ ಕೀವಾಗಿ ಜ್ವರದಿಂದ ನರಳುತ್ತಿದ್ದಳು.

ಸೀದಾ ಕೆಳಗಿಳಿದು ಆಕೆಯ ಜ್ವರದ ಅಂಕಿಗಳನ್ನು ತಂದೆ. ಸೊನ್ನೆಯಿಂದ ಸಾವಿರ ಡಿಗ್ರಿಯವರೆಗೆ ಅಳತೆ ಹಾಕಿ, ಗೆರೆ ಬರೆದು, ಅವನ ಮೇಜಿನ ಮೇಲೆ ಕುಕ್ಕಿದೆ.

"ನೋಡಿ ಸಾರ್, ನಿಮ್ಮಮ್ಮನಿಗೆ ಜ್ವರಾನೇ ಇಲ್ಲ. ಮನೆಗೆ ಕರ್ಕೊಂಡು ಹೋಗಿ."